ಖಾಸಿಂಸಾಬರ ಹಗ್ಗ

"ಏನ್ರಿ ಖಾಸಿಂಸಾಬ್ರ, ಎಂಜಿನ್‌ನ್ಯಾಗ ಹಗ್ಗಾ ಬಿಡ್ಲಿಕತ್ತೀರಿ! ಬಾವ್ಯಾಗ ಕೊಡ ಬಿದ್ದದೇನು?" ಎಂದು ಕಾರಿನೊಡತಿ ಪದ್ಮಜಾ ಟೀಚರ್ ನಕ್ಕರು.

"ಪಿಸ್ಟನ್ನಿಗೆ ಮೆತ್ತನ್ನ ದಿಂಬ್ರಿ ಅಕ್ಕಾರ. ಪಿಸ್ಟನ್ ನಿಂತ್ರ ಪುಲ್ಲಿ ತಿರುಗೂದಿಲ್ಲ, ಅದರ ಜಾಮಾದ ಬೋಲ್ಟ್ ಬಿಚ್ಚತೈತಿ."

ಪ್ಲಗ್ಗಿನ ತೂತಿನಿಂದ ಹಗ್ಗ ಇಳಿಸುವ ಈ ಉಪಾಯವನ್ನು ಬಾಗಲಕೋಟೆಯ ಎಷ್ಟೋ ಮೆಕ್ಯಾನಿಕ್‌ಗಳಿಗೆ ಕಲಿಸಿದ್ದೇ ಅವರು. ಮಗಳು ಸಾಜಿಯಾ, ಮೇಲಿನ ಮುಚ್ಚಳ ತೆಗೆದಿದ್ದ ಎಂಜಿನ್ನಿನೊಳಗೆ ಬಗ್ಗಿ ನೋಡಿದಳು. ಹಗ್ಗ ಇಳಿಸಿದ್ದ ಸಿಲಿಂಡರಿನ ವಾಲ್ವು ತೆರೆದೇ ಇತ್ತು. ಈಗ ಬೋಲ್ಟಿಗೆ ಪಾನಾ ಹಾಕಿ ಎಳೆದರೆ ಹಗ್ಗ ಒತ್ತಿ ವಾಲ್ವು ಸೊಟ್ಟಗಾಗುತ್ತಿತ್ತು. ಮೊದಲು ವಾಲ್ವು ನೋಡಬೇಕು ಎಂದು ಅವಳಿಗೆ ಬೈದು ಬೈದು ಕಲಿಸಿದ ಅಬ್ಬಾ ಈ ತಿಂಗಳಲ್ಲಿ ಮೂರನೆಯ ಸಲ ಮರೆತಿದ್ದರು.

ಟೀಚರ್ ಎದುರು ಹೇಗೆ ಹೇಳುವುದು? "ಅಬ್ಬಾ, ನೀವು ಚಾ ಕುಡದು ಬರ್ರಿ. ಪಾನಾ ನಾ ಹಿಡಿತೇನಿ."

ಅವರು ಅವಳ ಕಣ್ಣು ಹೋದ ಕಡೆ ನೋಡಿದರು. ದನಿ ತಗ್ಗಿಸಿ ಕೇಳಿದರು:

"ತೆರೆದಿತ್ತೇನು ಬೇಟಾ?"

"ಹೂಂ ಅಬ್ಬಾ."

"ಹಂಗಾರ ಇನ್‌ಮ್ಯಾಲೆ ನೀನ ಹಿಡಿ."

ಸಾಜಿಯಾ ಹಗ್ಗ ತೆಗೆದು, ಎಂಜಿನ್ ಒಂದು ಸುತ್ತು ತಿರುಗಿಸಿ, ವಾಲ್ವು ಮುಚ್ಚಿದ್ದನ್ನು ಎರಡು ಸಲ ನೋಡಿ, ಹಗ್ಗವನ್ನು ಮತ್ತೆ ಇಳಿಸಿ ಪಾನಾ ಎಳೆದಳು. ಬೋಲ್ಟು ಕಟಕ್ಕನೆ ಬಿಟ್ಟಿತು. ಟೀಚರ್ ಚಪ್ಪಾಳೆ ತಟ್ಟಿದರು.

ಆಗಿನ್ನೂ ಬೆಳಗಿನ ಹನ್ನೊಂದು ಗಂಟೆ. ಖಾಸಿಂಸಾಬರು ನಳದ ಕೆಳಗೆ ಕೂತು, ಸೋಪು ಹಚ್ಚಿ, ದಿನಾ ಸಂಜೆ ಕೆಲಸ ಮುಗಿದ ಮೇಲಷ್ಟೇ ತೊಳೆಯುತ್ತಿದ್ದ ಕೈಯ ಗ್ರೀಸನ್ನು ತೊಳೆದುಕೊಳ್ಳುತ್ತಿದ್ದರು.