ರುಜು ಹಾಕುವ ಮೊದಲು ಓದಿಸಿ ಕೇಳು, ಗಿರಿಯಮ್ಮ

ತುಮಕೂರಿನ ಬಟವಾಡಿಯಲ್ಲಿ ಮಗಳ ಮನೆಯಲ್ಲಿರುವ ಲಿಡಿಯಮ್ಮನಿಗೆ ಈಗ ಎಪ್ಪತ್ತೆರಡು. ಕುಣಿಗಲ್ ಕಡೆ ಆಗಿದ್ದ ಮಂಡಲ ಪಂಚಾಯಿತಿಗೆ ಒಂದು ಸಲ, ತಾಲ್ಲೂಕು ಪಂಚಾಯಿತಿಗೆ ಎರಡು ಸಲ ಗೆದ್ದವರು. ಒಂದು ಸಲ ಸೋತೂ ಇದ್ದಾರೆ. ಈಗ ಚುನಾವಣೆಯ ಓಡಾಟ ಬಿಟ್ಟಿದ್ದಾರೆ, ಆದರೆ ಸುಮ್ಮನೆ ಕೂತವರಲ್ಲ. ಪ್ರತಿ ಗುರುವಾರ ಚರ್ಚಿನ ಹೆಂಗಸರ ಜೊತೆ ಸೇರಿ ರಾಗಿ ಗಂಜಿ ಕಾಯಿಸುತ್ತಾರೆ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳಲು ಬಂದು ಹಸಿದು ಕೂತವರಿಗೆ ಹಂಚುತ್ತಾರೆ.

ಅಲ್ಲಿಯೇ ಅವರಿಗೆ ಗಿರಿಯಮ್ಮ ಸಿಕ್ಕಿದ್ದು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯವಳು. ಅತ್ತೆಗೆ ವಾಂತಿಭೇದಿಯಾಗಿ ಸೇರಿಸಿದ್ದಳು.

"ನಮ್ ಬೀದಿ ನೀರೇ ಸರಿ ಇಲ್ಲ ಕಣಮ್ಮಾ. ಮನೆಗೊಬ್ರು ಮಲಗವ್ರೆ," ಅಂದಳು.

"ಮೆಂಬರ್‌ಗೆ ಹೇಳ್ಬೇಕಿತ್ತು. ಯಾರು ನಿಮ್ ಪಂಚಾಯ್ತಿ ಮೆಂಬರು?"

ಗಿರಿಯಮ್ಮ ತಲೆ ತಗ್ಗಿಸಿದಳು. "ನಾನೇ ಕಣಮ್ಮಾ."

ಲಿಡಿಯಮ್ಮನ ಕೈಯ ಸೌಟು ಅಲ್ಲೇ ನಿಂತಿತು.

"ಹೆಸ್ರು ಮಾತ್ರ ನಂದು. ಮೀಟಿಂಗಿಗೆಲ್ಲ ನಮ್ಮನೆಯೋರೇ ಹೋಗ್ತಾರೆ. ಮೀಟಿಂಗ್ ಪುಸ್ತಕ ಮನೆಗೇ ಬರುತ್ತೆ, ತೋರಿಸಿದ ಕಡೆ ರುಜು ಹಾಕ್ತೀನಿ. ಓದಿರೋದು ಏಳನೇ ಕ್ಲಾಸು, ನಂಗೇನ್ ಗೊತ್ತಾಗುತ್ತೆ? ಸೋಮವಾರವೂ ಮೀಟಿಂಗ್ ಅದೆ. ಶುದ್ಧ ನೀರಿನ ಘಟಕ ಬಂದದಂತೆ. ಎಲ್ಲಿಗೆ ಅಂತ ಗೊತ್ತಿಲ್ಲ."

ಸೋಮವಾರ ಬೆಳಿಗ್ಗೆ ಲಿಡಿಯಮ್ಮ ಚೀಲ ಹಿಡಿದು ಹೊರಟು ನಿಂತರು. ಮಗಳು ಮೋನಿಕಾ ರೇಗಿದಳು. "ಮಂಡಿ ನೋವು ಇಟ್ಕೊಂಡು ಗುಬ್ಬಿ ಬಸ್ ಹತ್ತುತೀಯೇನಮ್ಮ? ಫೋನಲ್ಲಿ ಹೇಳಿದ್ರಾಗಲ್ವಾ?"

"ಫೋನಲ್ಲಿ ಆಗೋ ಮಾತಲ್ಲ ಕಣೇ. ಅವಳ ಗಂಡನೂ ಎದುರಿಗಿರ್ಬೇಕು."

ಲಿಡಿಯಮ್ಮ ಕೇಳುತ್ತಾ ಗಿರಿಯಮ್ಮನ ಮನೆ ತಲುಪಿದರು; ಅತ್ತೆಯನ್ನು ಹಿಂದಿನ ದಿನವಷ್ಟೇ ಮನೆಗೆ ಕರೆತಂದಿದ್ದರು. ಗಿರಿಯಮ್ಮನ ಗಂಡ ಚಿಕ್ಕರಂಗಯ್ಯ ಕೆಟ್ಟವನಲ್ಲ. ಎಳನೀರು ಕೆತ್ತಿ ಕೊಟ್ಟು, ಚಾಪೆ ಹಾಸಿ ಕೂರಿಸಿದ. ಆದರೆ ಮಾತು ಮಾತ್ರ ಒಪ್ಪಲಿಲ್ಲ.

"ಅಲ್ಲಿ ಗಂಡಸ್ರು ಕೂಗಾಡ್ತಾರೆ ಅಮ್ಮೋರೆ. ಇವಳು ಅಂಥಾ ಕಡೆ ಕೂತು ಏನ್ ಮಾತಾಡಾಳು? ಊರೋರು ನಗ್ತಾರೆ."

"ಇರ್ಲಿ. ನೀರಿನ ಘಟಕ ಎಲ್ಲಿಗೆ ಬರುತ್ತೆ?"

"ಬಸ್ ಸ್ಟ್ಯಾಂಡ್ ಹತ್ರ. ಅಧ್ಯಕ್ಷರು ಕೇಳಿದ್ರು, ಆಗ್ಲಿ ಅಂದೆ."

ಬಾಗಿಲ ಹಿಂದಿದ್ದ ಗಿರಿಯಮ್ಮ ಈಚೆಗೆ ಬಂದಳು. "ಬಸ್ ಸ್ಟ್ಯಾಂಡಾ? ಅಲ್ಲಿಂದ ದಿನಾ ನೀರು ಹೊರೋರ್ಯಾರು? ಮಲಗಿರೋ ನಿಮ್ಮವ್ವನಾ?"

"ನೀನು ಸುಮ್ನಿರೇ."

ಲಿಡಿಯಮ್ಮ ಎಳನೀರು ಕೆಳಗಿಟ್ಟರು. ಹತ್ತಿರ ಹತ್ತಿರ ನಲವತ್ತು ವರ್ಷದಿಂದ ಹೆಚ್ಚು ಜನಕ್ಕೆ ಹೇಳದ ಮಾತೊಂದನ್ನು ಹೇಳಿದರು.

"ನಾನೂ ಹಿಂಗೇ ಇದ್ದೆ ಚಿಕ್ಕರಂಗಯ್ಯ. ಮಂಡಲ ಪಂಚಾಯ್ತಿಗೆ ಗೆದ್ದ ಹೊಸದು. ಪುಸ್ತಕ ಮನೆಗೆ ಬಂತು, ಓದದೆ ರುಜು ಹಾಕ್ದೆ. ನಮ್ ಬೀದಿಗೆ ಬರಬೇಕಾದ ಕೈಪಂಪು ಯಾರದೋ ತೋಟದ ಬಾಗಿಲಿಗೆ ಹೋಯ್ತು. ನಮ್ ಹೆಂಗಸ್ರು ಕೆರೆಗೇ ನಡೆದ್ರು. ಬಸುರಿ ಹುಡುಗಿ ಒಬ್ಳು ಬಿಂದಿಗೆ ಹೊತ್ಕೊಂಡು ಏರಿ ಮೇಲೆ ಜಾರಿದ್ಲು. ಮಗು ಉಳೀಲಿಲ್ಲ. ಯಾರೂ ನನ್ನ ಬೈಲಿಲ್ಲ. ರುಜು ಹಾಕಿದ್ದು ನಾನು ಅಂತ ಅವರಿಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು."

ಚಿಕ್ಕರಂಗಯ್ಯ ಚಾಪೆಯ ಹತ್ತಿರ ಸರಿದು ಕೂತ. ಕೇಳಿದ: "ಆಮೇಲೇನ್ ಮಾಡಿದ್ರಿ?"

"ಮುಂದಿನ ಸಭೆಗೆ ಮೋನಿಕಾನ ಕಂಕುಳಲ್ಲಿ ಎತ್ಕೊಂಡು ನಾನೇ ಹೋದೆ. 'ಬರೆದಿರೋದನ್ನ ಓದಿ ಹೇಳಿ' ಅಂದೆ, ಅಷ್ಟೇ. ನಮ್ಮನೆಯೋರು ಸ್ಕೂಲ್ ಮೇಷ್ಟ್ರು. ಸಂಜೆ ನಾನು ಬರೋ ಹೊತ್ತಿಗೆ ಅವರೇ ಮುದ್ದೆ ತಿರುವಿದ್ರು. ನೀವೂ ಇವಳ ಜೊತೆ ಬಾಗಿಲ ತನಕ ಹೋಗಿ, ಧೈರ್ಯ ಹೇಳಿ. ಒಳಗೆ ಅವಳೇ ಕೂರ್ಲಿ. ಮೆಂಬರ್ ಬದ್ಲು ಗಂಡ ಕೂರೋದನ್ನ ಕಾನೂನೂ ಒಪ್ಪಲ್ಲ."

ಹನ್ನೊಂದಕ್ಕೆ ಸಭೆ. ಚಿಕ್ಕರಂಗಯ್ಯ ಒಪ್ಪಿ ಪಂಚಾಯಿತಿ ಬಾಗಿಲ ತನಕ ಬಂದ, ಗಿರಿಯಮ್ಮ ಒಬ್ಬಳೇ ಒಳಗೆ ಹೋದಳು. ಲಿಡಿಯಮ್ಮ ಮತ್ತು ಚಿಕ್ಕರಂಗಯ್ಯ ಹೊರಗೆ ಜಗಲಿಯ ಮೇಲೆ ಕೂತರು. ಕಿಟಕಿ ತೆರೆದಿತ್ತು.

ಬಹಳ ಹೊತ್ತು ಅವಳ ದನಿಯೇ ಇಲ್ಲ. ಚಿಕ್ಕರಂಗಯ್ಯ ಎರಡು ಸಲ ಎದ್ದ, ಎರಡು ಸಲ ಕೂತ. ಕೊನೆಗೆ ಕೇಳಿಸಿತು: "ನೀರಿನ ಘಟಕದ್ದು ಏನ್ ಬರ್ದಿದ್ದೀರಿ, ಓದಿ ಹೇಳಿ ಸಾರ್."

"ನಿಮ್ ಯಜಮಾನ್ರು ಒಪ್ಪಿದಾರಲ್ಲಮ್ಮ," ಅಂದರು ಅಧ್ಯಕ್ಷರು.

"ಓಟು ಬಿದ್ದಿದ್ದು ನನ್ ಹೆಸ್ರಿಗೆ. ನಮ್ ಬೀದೀಲಿ ಹನ್ನೆರಡು ಜನ ಕಾಯಿಲೆ ಬಿದ್ದವ್ರೆ. ನಾನು ಒಪ್ಪಲ್ಲ. ಒಪ್ಪಲ್ಲ ಅಂತ ಪುಸ್ತಕದಲ್ಲಿ ಬರ್ಕಳಿ."

ಒಳಗೆ ಗದ್ದಲವಾಯಿತು. ಅಷ್ಟರಲ್ಲಿ ಇನ್ನೊಂದು ಹೆಣ್ಣುದನಿ, "ನಾನೂ ಒಪ್ಪಲ್ಲ" ಅಂದಿತು. ಅದರ ಹಿಂದೆ ಮತ್ತೊಂದು. ಕೊನೆಗೆ, ಜಾಗದ ವಿಷಯ ಗ್ರಾಮಸಭೆಯಲ್ಲೇ ತೀರ್ಮಾನವಾಗಲಿ ಎಂದಾಯಿತು.

ಚಿಕ್ಕರಂಗಯ್ಯ ಟವಲ್ಲಿನಿಂದ ಮುಖ ಒರೆಸಿಕೊಂಡ. "ಇವಳಿಗೆ ಇಷ್ಟು ಮಾತು ಬರುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ ಅಮ್ಮೋರೆ."

ಗ್ರಾಮಸಭೆಯ ದಿನ ಮನೆಮನೆಗೂ ಹೋಗಿ ಹೆಂಗಸರನ್ನು ಕರೆದವನು ಅವನೇ. ಇವತ್ತು ಘಟಕ ಅವರ ಬೀದಿಯ ಅಂಗನವಾಡಿ ಪಕ್ಕದಲ್ಲಿದೆ. ಅತ್ತೆ ಹುಷಾರಾಗಿದ್ದಾರೆ. ಗಿರಿಯಮ್ಮ ಈಗ ಬೀದಿ ದೀಪದ ವಿಷಯ ಹಿಡಿದು ಜಗಳಕ್ಕೆ ನಿಂತಿದ್ದಾಳೆ. ಅದು ಇನ್ನೂ ಬಗೆಹರಿದಿಲ್ಲ.

ಅಕ್ಕತಂಗಿಯರೇ, ನೀವು ಪಂಚಾಯಿತಿ ಸದಸ್ಯರಾಗಿದ್ದರೆ ಸಭೆಗೆ ನೀವೇ ಹೋಗಿ. ಓದಲು ಬರದಿದ್ದರೆ ಓದಿಸಿ ಕೇಳಿ. ಒಪ್ಪಿಗೆ ಇಲ್ಲದಿದ್ದರೆ ಹಾಗೆಂದು ಬರೆಸಿ. ಅಣ್ಣತಮ್ಮಂದಿರೇ, ಸಭೆಯ ದಿನ ಮನೆಯ ಒಲೆ ನೀವು ನೋಡಿಕೊಳ್ಳಿ. ಸದಸ್ಯರಲ್ಲದವರು ಗ್ರಾಮಸಭೆಗೆ ಬನ್ನಿ. ನಿಮ್ಮ ಬೀದಿಗೆ ಏನು ಬೇಕೆಂದು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದಾರೆ? ಬಂದು ಬಾಯಿಬಿಟ್ಟು ಹೇಳಿ.