ಬುಗುರಿ ಹೊಲಿದ ಕಾಜಾ

ತರಗತಿಯಲ್ಲಿ ಇದ್ದವರು ನಲವತ್ತೊಂದು ಮಂದಿ. ಅವರಲ್ಲಿ ಏಳು ಜನ ಈಗ ಇಲ್ಲ. ಉಳಿದವರನ್ನು ಮೂವತ್ನಾಲ್ಕು ವರ್ಷಗಳ ಮೇಲೆ ಹಳೆಯ ಹೈಸ್ಕೂಲಿನಲ್ಲೇ ಒಂದು ಭಾನುವಾರ ಕೂಡಿಸಿಯೇ ತೀರುತ್ತೇನೆಂದು ಹಟ ಹಿಡಿದವನು ಬಸ್ ಕಂಡಕ್ಟರ್. ಅವನು ಫೋನ್ ಮಾಡಿದಾಗ ಟೈಲರಮ್ಮನ ಬಾಯಲ್ಲಿ ಮೂರು ಗುಂಡುಸೂಜಿ, ಮಡಿಲಲ್ಲಿ ಯಾರದೋ ಶಾಲೆಯ ಚಡ್ಡಿ.

"ಎಡಚೀ, ನಿನ್ನ ಪಾಲಿಗೆ ಬುಗುರಿ ಬಂದಿದ್ದಾಳೆ," ಅಂದ. ಟೈಲರಮ್ಮ ಎಡಗೈಯವಳು, ಶಾಲೆಯಲ್ಲಿ ಅಂಟಿದ ಆ ಹೆಸರು ಇನ್ನೂ ಬಿಟ್ಟಿರಲಿಲ್ಲ. "ತೀರಿಕೊಂಡ ಏಳು ಜನರ ಬಗ್ಗೆ ಅವರವರ ಬೆಂಚಿನವರೇ ಮಾತಾಡಬೇಕು. ನೀವಿಬ್ಬರೂ ಮೂರು ವರ್ಷ ಒಂದೇ ಬೆಂಚು ಸವೆಸಿದ್ದೀರಿ."

ಸೂಜಿಗಳನ್ನು ಬಾಯಿಂದ ತೆಗೆದು ಅವಳೆಂದಳು: "ಮಾತಾಡೋಣ ಬಿಡಪ್ಪ, ಅದಕ್ಕೇನು."

"ಕೇಳಿಲ್ಲಿ. 'ತುಂಬಾ ಒಳ್ಳೆಯವಳು, ಸದಾ ನಗುಮುಖ' ಅನ್ನೋದೆಲ್ಲ ನಡಿಯಲ್ಲ. ಆ ಟಿಕೆಟ್ಟು ಯಾರಿಗೆ ಬೇಕಾದ್ರೂ ಹರಿದು ಕೊಡಬಹುದು. ಒಂದೇ ಒಂದು ಘಟನೆ ಹೇಳಬೇಕು. ಅವಳದ್ದೇ ಆಗಿರಬೇಕು, ಇನ್ನೊಬ್ಬರಿಗೆ ಹೊಂದಬಾರದು."

"ಒಂದೇನು, ನೂರು ಹೇಳ್ತೀನಿ."

"ನೂರು ಹೇಳಿದ್ರೆ ಮಧ್ಯದಲ್ಲೇ ಇಳಿಸಿಬಿಡ್ತೀನಿ. ಒಂದು ಸಾಕು." ಆಮೇಲೆ ಅವನ ದನಿ ಸ್ವಲ್ಪ ತಗ್ಗಿತು. "ಬುಗುರಿ ಮಗಳು ಬರ್ತಿದ್ದಾಳೆ ಕಣೇ. ತಾಯಿ ಹೋದಾಗ ನಾಲ್ಕು ವರ್ಷದ ಮಗು ಅದು. ಅಮ್ಮ ಹೇಗಿದ್ಲು ಅಂತ ಕೇಳೋಕೆ ರಜ ಹಾಕಿ ಬರ್ತಿದೆ. ನೋಡ್ಕೊಂಡು ಹೇಳು."

ಟೈಲರಮ್ಮ ಫೋನ್ ಇಟ್ಟು ಮತ್ತೆ ಚಡ್ಡಿಯ ಸೊಂಟಕ್ಕೆ ಕೈ ಹಾಕಿದಳು. ನೂರರಲ್ಲಿ ಯಾವುದನ್ನು ಆರಿಸಲಿ ಎಂದುಕೊಂಡಳು. ಸೊಂಟಪಟ್ಟಿ ಮುಗಿಯಿತು, ಜೇಬು ಮುಗಿಯಿತು, ಒಂದೂ ಹೊಳೆಯಲಿಲ್ಲ.

ಶಾಲೆಗಳು ಶುರುವಾಗುವ ಹೊತ್ತು ಅದು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ನೀಲಿ ಬಟ್ಟೆ ಒಂದು ಕಡೆ, ಬಿಳಿ ಬಟ್ಟೆ ಒಂದು ಕಡೆ, ನಡುವೆ ಅವಳು. ಒಲೆಯ ಮೇಲೆ ಬೇಳೆ ಇಟ್ಟು ಬಂದು ಎರಡು ತೋಳು ಕೂಡಿಸುವಳು, ಎದ್ದು ಹೋಗಿ ಕೆದಕಿ ಬಂದು ಕಾಲರ್ ಹಿಡಿಯುವಳು. ಈ ಓಡಾಟದಲ್ಲೆಲ್ಲ ಬುಗುರಿಯನ್ನು ಹುಡುಕಿದಳು. ಸಿಕ್ಕಿದ್ದೇನು? ಪಕ್ಕದಲ್ಲಿ ಒಂದು ಮೊಣಕೈ. ನಿಂತಲ್ಲಿ ನಿಲ್ಲದೆ ಗಿರಗಿರನೆ ತಿರುಗುತ್ತಿದ್ದ ಒಂದು ಲಂಗ, ಆ ಹೆಸರು ಬಂದದ್ದೇ ಅದರಿಂದ. ಅಷ್ಟೇ. ಎದುರು ಬೆಂಚಿನವರ ಬೆನ್ನುಗಳು ಕೂಡ ಚೆನ್ನಾಗಿ ನೆನಪಿದ್ದವು. ಮೊಣಕೈಗೆ ಮೊಣಕೈ ತಾಗಿಸಿ ಕೂತವಳು ಮಾತ್ರ ಮಸುಕು. ಪಕ್ಕದಲ್ಲೇ ಇರುವವರ ಕಡೆ ಯಾರು ತಿರುಗಿ ನೋಡುತ್ತಾರೆ?

"ಏನೂ ನೆನಪಾಗ್ತಿಲ್ಲವಲ್ಲೇ," ಎಂದು ನರ್ಸಿಂಗ್ ಓದುವ ಮಗಳ ಹತ್ತಿರ ಅಲವತ್ತುಕೊಂಡಳು.

"ಒಳ್ಳೇ ಸ್ನೇಹಿತೆ ನೀನು!" ಮಗಳು ಸೌತೆಕಾಯಿ ಕಡಿಯುತ್ತ ನಕ್ಕಳು. "ಏನೋ ಒಂದು ಚಂದ ಮಾಡಿ ಹೇಳಿಬಿಡಮ್ಮ. ಆ ಅಕ್ಕನಿಗೇನು ಗೊತ್ತಾಗುತ್ತೆ?"

"ಅದೇ ಕಷ್ಟ. ಅವಳಿಗೆ ಗೊತ್ತಾಗಲ್ಲ. ನಾನು ಏನು ಹೇಳಿದ್ರೆ ಅದೇ ಅವಳಮ್ಮ ಆಗಿಬಿಡ್ತಾಳೆ."

ಮಗಳ ನಗು ನಿಂತಿತು. ಸೌತೆಕಾಯಿ ಕೆಳಗಿಟ್ಟು ಅಂದಳು: "ನಾನು ನಾಲ್ಕು ವರ್ಷದವಳಿದ್ದಾಗ ನೀನು ಹೋಗಿದ್ದಿದ್ರೆ, ನೀನು ಚೆನ್ನಾಗಿ ಹೊಲೀತಿದ್ದೆ ಅಂತ ಕೇಳೋದು ನನಗೆ ಬೇಕಿರಲಿಲ್ಲಮ್ಮ. ನೀನು ಹೇಗೆ ಬೈತಿದ್ದೆ ಅಂತ ಕೇಳ್ತಿದ್ದೆ."

ಭಾನುವಾರ ಬಂತು, ಘಟನೆ ಬರಲಿಲ್ಲ. ಟೈಲರಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬರಿಗೈಯಲ್ಲಿ ಹೈಸ್ಕೂಲಿಗೆ ನಡೆದಳು.

ಸಭಾಂಗಣದ ಬಾಗಿಲಲ್ಲಿ ಕಂಡಕ್ಟರ್ ನಿಂತಿದ್ದ. "ಒಳಗೆ ನಡೀರಿ, ಒಳಗೆ ನಡೀರಿ, ಮುಂದೆ ಖಾಲಿ ಇದೆ," ಎಂದು ತಲೆ ಬೋಳಾದವರನ್ನೂ ಮಂಡಿ ನೋವಿನವರನ್ನೂ ಒಳಗೆ ತಳ್ಳುತ್ತಿದ್ದ. ಟೈಲರಮ್ಮನನ್ನು ಕಂಡವನೇ ಕೈ ಹಿಡಿದು ಗೋಡೆಯ ಪಕ್ಕದ ಕುರ್ಚಿಯ ಹತ್ತಿರ ಕರೆದೊಯ್ದ. "ತಗೋಮ್ಮ, ಇವರೇ ನಿಮ್ಮಮ್ಮನ ಬೆಂಚು," ಎಂದು ಅಲ್ಲಿದ್ದ ಹುಡುಗಿಗೆ ಹೇಳಿ ಬಾಗಿಲಿಗೆ ಓಡಿದ.

ಇಪ್ಪತ್ತೇಳರ ಆಸುಪಾಸಿನ ಹುಡುಗಿ. ಗಟ್ಟಿ ಬೂಟು, ಪ್ಯಾಂಟಿನ ಜೇಬಿಗೆ ಸಿಕ್ಕಿಸಿದ ಟಾರ್ಚು. ಲಿಫ್ಟ್ ರಿಪೇರಿ ಮಾಡುವುದು ತನ್ನ ಕೆಲಸ ಎಂದಳು. "ಹದಿನಾಲ್ಕನೇ ಮಹಡಿಯಲ್ಲಿ ಸಿಕ್ಕಿಹಾಕ್ಕೊಂಡವರಿಗೆ ನನ್ನ ಬೂಟು ಕಂಡ್ರೆ ದೇವರು ಕಂಡ ಹಾಗೆ, ಆಂಟಿ."

ಟೈಲರಮ್ಮನಿಗೆ ಅವಳು ಹಿಡಿಸಿದಳು. ಎಲ್ಲಿ ಈಗಲೇ ಕೇಳಿಬಿಡುತ್ತಾಳೋ ಎಂದು ಒಳಗೇ ಪುಕುಪುಕು. ಆದರೆ ಮೆಕ್ಯಾನಿಕ್ ಹುಡುಗಿ ಏನೂ ಕೇಳಲಿಲ್ಲ. ಚೀಲದಿಂದ ಒಂದು ಹಳೆಯ ಟವೆಲ್ಲಿನ ಗಂಟು ತೆಗೆದಳು, ಅದನ್ನು ಬಿಚ್ಚಿ ದಪ್ಪ ರಟ್ಟಿನ ಒಂದು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು.

ಹೊಲಿಗೆ ಪಾಠದ ಮಾದರಿ ಪುಸ್ತಕ ಅದು. ಆ ಕಾಲಕ್ಕೆ ಪ್ರತಿ ಹುಡುಗಿಗೂ ಇಂಥದೊಂದು ಇರುತ್ತಿತ್ತು: ಪುಟಕ್ಕೊಂದು ಅಂಗೈಯಗಲದ ಬಟ್ಟೆ, ಅದರ ಮೇಲೆ ಒಂದು ಬಗೆಯ ಹೊಲಿಗೆ, ಕೆಳಗೆ ಹೊಲಿಗೆ ಟೀಚರ್ ಬರೆದ ಕೆಂಪು ಷರಾ.

"ಅಮ್ಮನ ಕೈಯಿಂದ ಉಳಿದಿರೋದು ಇದೊಂದೇ, ಆಂಟಿ. ಫೋಟೋದಲ್ಲಿ ಅಮ್ಮ ಸುಮ್ಮನೆ ನಿಂತಿರ್ತಾರೆ. ಇದರಲ್ಲಿ ಕೆಲಸ ಮಾಡಿದ್ದಾರೆ. ಚಿಕ್ಕವಳಿದ್ದಾಗ ಈ ಹೊಲಿಗೆ ಮೇಲೆ ಬೆರಳಾಡಿಸಿಕೊಂಡೇ ಮಲಗ್ತಿದ್ದೆ."

ಟೈಲರಮ್ಮ ಪುಸ್ತಕ ತೆಗೆದುಕೊಂಡು ಮೊದಲ ಪುಟ ತೆರೆದಳು. ಅಂಚು ಮಡಿಸಿದ ಹೊಲಿಗೆ, ಇರುವೆ ಸಾಲಿನ ಹಾಗೆ ನೇರ. ಎರಡನೆಯದು ತೇಪೆ. ಮೂರನೆಯದು ಹರಿದದ್ದನ್ನು ದಾರದಿಂದ ನೇಯ್ದು ಮುಚ್ಚುವ ರಫು. ನೋಡುನೋಡುತ್ತ ಅವಳು ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದಳು. ಒಂದೊಂದು ಎಳೆಯೂ ಎಡಕ್ಕೆ ವಾಲಿತ್ತು. ಬಲಗೈಯವರು ಎಷ್ಟು ಪ್ರಯತ್ನಪಟ್ಟರೂ ಹೊಲಿಗೆ ಹಾಗೆ ವಾಲುವುದಿಲ್ಲ. ತನ್ನ ಕೈಯನ್ನು ತಾನು ಗುರುತು ಹಿಡಿಯದಿರಲು ಹೇಗೆ ಸಾಧ್ಯ? ಇದು ಬುಗುರಿ ಹೊಲಿದದ್ದಲ್ಲ. ಇದನ್ನೆಲ್ಲ ಹೊಲಿದವಳು ತಾನು.

ಆಗ ಬೆಂಚಿನ ಸುತ್ತಲಿನ ನಾಲ್ಕೈದು ಹುಡುಗಿಯರಿಗೆ ಅವಳೇ ಹೊಲಿದು ಕೊಡುತ್ತಿದ್ದಳು. ಊಟದ ಬಿಡುವಿನಲ್ಲಿ ಮಾಡಿ ಮುಗಿಸಿ ಮರೆತುಬಿಡುವ ಕೆಲಸ ಅದು. ಒಂದು ಸಂಗತಿ ಎಂದೇ ಅನ್ನಿಸಿರಲಿಲ್ಲ. ಅದು ಹೀಗೆ ಟವೆಲ್ಲಿನಲ್ಲಿ ಸುತ್ತಿಕೊಂಡು ಒಂದು ಮಗುವಿನ ತಲೆದಿಂಬಿನ ಪಕ್ಕ ಮಲಗೀತೆಂದು ಯಾರಿಗೆ ಗೊತ್ತಿತ್ತು?

"ಹೇಗಿದೆ ಆಂಟಿ? ನೀವು ಟೈಲರ್ ಅಲ್ವಾ, ಅದಕ್ಕೇ ತಂದೆ," ಎಂದಳು ಹುಡುಗಿ. "ನನಗೆ ಒಂದು ಗುಂಡಿ ಹಾಕೋಕೂ ಬರಲ್ಲ. ನಾನು ಏನು ಕೆಡಿಸಿದ್ರೂ ಅಜ್ಜಿ ಇದನ್ನ ತೆಗೆದು ಮುಂದಿಡ್ತಿದ್ರು. 'ನೋಡು ನಿಮ್ಮಮ್ಮನ ಕೈ! ಅವಳ ಹೊಟ್ಟೇಲಿ ನೀನು ಹೇಗೆ ಹುಟ್ಟಿದೆಯೋ' ಅಂತ."

ಟೈಲರಮ್ಮ "ಹೂಂ" ಅಂದಳು.

ಅಷ್ಟರಲ್ಲಿ ವೇದಿಕೆಯಿಂದ ಹಾಜರಿ ಶುರುವಾಯಿತು. ಕಂಡಕ್ಟರ್ ಸಂಖ್ಯೆ ಕೂಗುವನು. ಇದ್ದವರು "ಪ್ರೆಸೆಂಟ್" ಎನ್ನುವರು. ಇಲ್ಲದವರ ಸಂಖ್ಯೆ ಬಂದಾಗ ಅವರ ಬೆಂಚಿನವರು ಎದ್ದು ನಿಲ್ಲುವರು. ಒಬ್ಬ ಪಶುವೈದ್ಯ ಎದ್ದು, ತೀರಿಹೋದ ಗೆಳೆಯ ಪರೀಕ್ಷೆಯ ಹಾಲಿನಲ್ಲಿ ಗೊರಕೆ ಹೊಡೆದದ್ದನ್ನು ಹೇಳಿದ. ಎಲ್ಲರೂ ನಕ್ಕರು, ಒಂದಿಬ್ಬರು ಕಣ್ಣೊರೆಸಿಕೊಂಡರು. ಬುಗುರಿಯ ಸಂಖ್ಯೆ ಇಪ್ಪತ್ತೊಂಬತ್ತು. ಹಾಜರಿ ಆಗಲೇ ಹನ್ನೊಂದನೇ ಸಂಖ್ಯೆ ದಾಟಿತ್ತು.

ನಿಜ ಹೇಳಿದರೆ ಈ ಮಗುವಿನ ಕೈಯಿಂದ ಅಮ್ಮನನ್ನು ಕಿತ್ತುಕೊಂಡ ಹಾಗೆ. ಹೇಳದಿದ್ದರೆ, ಇವಳು ಬದುಕಿರುವಷ್ಟು ದಿನ ತನ್ನ ಹೊಲಿಗೆಯ ಮೇಲೆ ಬೆರಳಾಡಿಸಿ ಅಮ್ಮಾ ಎನ್ನುತ್ತಾಳೆ. ಯಾವುದು ಹೆಚ್ಚು ಪಾಪ? ಟೈಲರಮ್ಮನಿಗೆ ತಿಳಿಯಲಿಲ್ಲ. ಕೈಗೆ ಏನಾದರೂ ಕೆಲಸ ಬೇಕೆಂದು ಪುಟ ತಿರುವುತ್ತ ಹೋದಳು. ಎಲ್ಲವೂ ಎಡಕ್ಕೆ ವಾಲಿದ್ದವು, ಎಲ್ಲದರ ಕೆಳಗೂ 'ಉತ್ತಮ', 'ಉತ್ತಮ'.

ಒಂಬತ್ತನೆಯ ಪುಟಕ್ಕೆ ಬಂದಾಗ ಕೈ ನಿಂತಿತು. ಅಲ್ಲಿದ್ದದ್ದು ಕಾಜಾ, ಗುಂಡಿ ತೂರಿಸಲು ಬಟ್ಟೆ ಸೀಳಿ ಅಂಚು ಕಟ್ಟುವ ಹೊಲಿಗೆ. ಅದನ್ನು ಕಾಜಾ ಅನ್ನುವುದಕ್ಕೂ ಧೈರ್ಯ ಬೇಕು. ದಾರ ಗಂಟುಗಂಟಾಗಿ ಉಂಡೆಯಾಗಿತ್ತು, ಸೀಳಿನ ಒಂದು ತುದಿ ಸಂಪೂರ್ಣ ಹೊಲಿದುಹೋಗಿತ್ತು, ಬಟ್ಟೆಯ ಜೊತೆಗೆ ರಟ್ಟನ್ನೂ ಸೇರಿಸಿ ಬಿಗಿದಿತ್ತು. ಅದರಲ್ಲಿ ಗುಂಡಿಯಲ್ಲ, ಸಾಸಿವೆ ಕಾಳೂ ತೂರುವಂತಿರಲಿಲ್ಲ. ಆದರೆ ಎಳೆಗಳು ಬಲಕ್ಕೆ ವಾಲಿದ್ದವು.

"ಅಯ್ಯೋ, ಅದು ಬಿಡಿ ಆಂಟಿ," ಹುಡುಗಿ ಪುಟ ಮಗುಚಲು ಕೈ ಚಾಚಿದಳು. "ಅಜ್ಜಿ ಆ ಪುಟ ಬಂದ ತಕ್ಷಣ ತಿರುಗಿಸಿಬಿಡ್ತಿದ್ರು. ಅವತ್ತು ಅಮ್ಮನಿಗೆ ಹುಷಾರಿರಲಿಲ್ಲವೇನೋ ಅಂತಿದ್ರು. ಟೀಚರ್ ಕೂಡ ಕುಟುಕಿದ್ದಾರೆ ನೋಡಿ."

ಕೆಂಪು ಶಾಯಿಯಲ್ಲಿ ಹೀಗಿತ್ತು: 'ಇದು ನಿನ್ನದೇ ಕೈ. ನನಗೆ ಸಂತೋಷ.'

ಟೈಲರಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಇದ್ದಕ್ಕಿದ್ದಂತೆ ನಗು ಬಂತು. ತಡೆದಷ್ಟೂ ಉಕ್ಕಿತು, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು. ಹುಡುಗಿಯ ಕೈ ಹಿಡಿದು, "ಬಾಮ್ಮ ಈಚೆ," ಎಂದು ಎಳೆದುಕೊಂಡೇ ವರಾಂಡಕ್ಕೆ ಹೋದಳು.

ಹೊರಗಿನ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, "ನಿನಗೊಂದು ಮಾತು ಹೇಳಬೇಕು. ಮೊದಲನೇದು ಕೇಳಿ ಎದ್ದು ಹೋಗಬೇಡ, ಎರಡನೇದೂ ಕೇಳಬೇಕು," ಎಂದಳು.

"ಹೇಳಿ ಆಂಟಿ."

"ಇದರಲ್ಲಿರೋ ಹೊಲಿಗೆ ಎಲ್ಲ ನನ್ನದು, ತಾಯಿ. ನಿಮ್ಮಮ್ಮನಿಗೆ ಸೂಜಿ ಹಿಡಿಯೋಕೆ ಬರ್ತಿರಲಿಲ್ಲ."

ಹುಡುಗಿ ಪುಸ್ತಕವನ್ನೇ ನೋಡಿದಳು. ಮೊದಲ ಪುಟ ತೆರೆದು ಬೆರಳಿಟ್ಟಳು, ತೆಗೆದಳು. "ಇಷ್ಟೂ ನಿಮ್ಮದಾ?" ಎಂದಳು. ದನಿ ಸಣ್ಣದಾಗಿತ್ತು.

"ಈ ಒಂದನ್ನ ಬಿಟ್ಟು," ಎಂದು ಒಂಬತ್ತನೆಯ ಪುಟ ತೆರೆದು ಅವಳ ಮಡಿಲಿಗಿಟ್ಟಳು. "ಆಗ ನನಗೆ ಜ್ವರ ಬಂದು ಕೆನ್ನೆ ಎರಡೂ ಊದಿ ಹತ್ತು ದಿನ ಮನೇಲಿದ್ದೆ. ಕಾಜಾ ಒಪ್ಪಿಸೋ ದಿನ ಬಂತು. ನಿಮ್ಮಮ್ಮ ತಾನೇ ಕೂತು ಹೊಲಿದಳು. ತನ್ನದು ಮುಗಿಸಿ ಸುಮ್ಮನಿರಬಾರದಾ? ನನಗೆ ಮಾರ್ಕು ಹೋಗುತ್ತೆ ಅಂತ ನನ್ನ ಪುಸ್ತಕ ತರಿಸಿಕೊಂಡು ನನ್ನದೂ ಹೊಲಿದಳು! ಅದೂ ಹೇಗೆ? ನಾನು ಎಡಚಿ ಅಲ್ವಾ, ಟೀಚರಿಗೆ ಅನುಮಾನ ಬರಬಾರದು ಅಂತ ಎಡಗೈಯಲ್ಲಿ!"

"ಎಡಗೈಯಲ್ಲಾ?"

"ಬಲಗೈಯಲ್ಲೇ ಈ ಚಂದ! ಇನ್ನು ಎಡಗೈಯಲ್ಲಿ ಹೇಗಿದ್ದೀತು, ನೀನೇ ಯೋಚನೆ ಮಾಡು. ನಾನು ವಾಪಸ್ ಬಂದಾಗ ನಾಲ್ಕು ಬೆರಳಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. 'ನಿನ್ನದೂ ಒಪ್ಪಿಸಿದ್ದೀನಿ ಕಣೇ, ಒಂದಿಷ್ಟೂ ಗೊತ್ತಾಗಲ್ಲ' ಅಂತ ಕುಣಿದಳು. ಟೀಚರಿಗೆ ನನ್ನ ಪುಟ ನೋಡಿದ ಕೂಡಲೇ ಎಲ್ಲ ಗೊತ್ತಾಯ್ತು. ಬೇರೆ ಶಾಲೆಗಳ ಜೊತೆ ಸ್ಪರ್ಧೆಗೆ ಹೋಗಬೇಕಿದ್ದ ಪುಸ್ತಕ ನನ್ನದು, ಆ ಒಂದು ಪುಟದಿಂದ ನಿಂತುಹೋಯ್ತು. ನಾನು ಒಂದು ವಾರ ಅವಳ ಹತ್ತಿರ ಮಾತು ಬಿಟ್ಟೆ. ಎಂಟನೇ ದಿನ ಬೆಂಚಿನ ಮೇಲೆ ನನ್ನ ಭೂಗೋಳದ ನೋಟ್ಸು ಇತ್ತು. ಬಾಕಿ ಇದ್ದ ಭೂಪಟ ಎಲ್ಲ ಬರೆದು, ನದಿಗೆ ನೀಲಿ ಬಣ್ಣ ಹಚ್ಚಿಟ್ಟಿದ್ದಳು. ಆಮೇಲೆ ಎಲ್ಲಿ ಉಳಿಯುತ್ತೆ ಕೋಪ? ನಕ್ಕುಬಿಟ್ಟೆ. ಇದನ್ನ ಹೇಗೆ ಮರೆತೆನೋ ನಾನು! ಮುನಿಸಿಕೊಂಡಿದ್ದಕ್ಕೆ ನಾಚಿಕೆಯಾಗಿ ಮರೆತೆನೋ ಏನೋ."

ಹುಡುಗಿ ಗಂಟಾದ ದಾರದ ಮೇಲೆ, ರಟ್ಟಿಗೆ ಕಚ್ಚಿಕೊಂಡಿದ್ದ ಆ ಸೀಳಿನ ಸುತ್ತ ನಿಧಾನವಾಗಿ ಹೆಬ್ಬೆರಳು ಆಡಿಸಿದಳು. ಒಂದು ಕಡೆ ದಾರದ ಮೇಲೆ ಕಂದು ಚುಕ್ಕೆ ಇತ್ತು. ಬೆರಳಿಗೆ ಸೂಜಿ ಚುಚ್ಚಿದ್ದಿರಬೇಕು. ಅಲ್ಲಿ ಹೆಬ್ಬೆರಳು ನಿಂತಿತು.

"ಆಂಟಿ, ನನಗೂ ಹೀಗೇ ಆಗುತ್ತೆ," ಎಂದಳು ಕೊನೆಗೆ. "ಗುಂಡಿ ಹಾಕೋಕೆ ಹೋದ್ರೆ ಪ್ಯಾಂಟನ್ನ ಮಂಚದ ಹಾಸಿಗೆಗೆ ಸೇರಿಸಿ ಹೊಲಿದಿದ್ದೀನಿ. ಅಜ್ಜಿ ಇಪ್ಪತ್ತು ವರ್ಷ ಬೈದ್ರು! ಅಮ್ಮನ ಕೈ ನನಗೆ ಬರಲೇ ಇಲ್ಲ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ?"

"ಬಂದಿದೆಯಲ್ಲೇ ಮಹಾತಾಯಿ, ಸರಿಯಾಗೇ ಬಂದಿದೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಹುಡುಗಿಯ ಕಣ್ಣಿಂದ ನೀರಿಳಿಯಿತು. ಟೈಲರಮ್ಮ ಸೆರಗಿಂದ ಒರೆಸಿದಳು, ತನ್ನದನ್ನೂ ಒರೆಸಿಕೊಂಡಳು.

ಒಳಗಿನಿಂದ ಕೂಗು ಬಂತು: "ಇಪ್ಪತ್ತೊಂಬತ್ತು! ಎಡಚಿ ಎಲ್ಲಿ ಹೋದಳ್ರೀ? ಗಾಡಿ ಬಿಡ್ತೀನಿ ಈಗ!"

"ಎಲ್ಲರ ಮುಂದೆ ಹೇಳಲಾ? ನೀನು ಬೇಡ ಅಂದ್ರೆ ಬೇರೆ ಏನಾದರೂ ಹೇಳ್ತೀನಿ," ಎಂದಳು ಟೈಲರಮ್ಮ.

"ಇದೇ ಹೇಳಿ. ಪುಟ ನಾನು ಹಿಡ್ಕೋತೀನಿ."

ಹಾಗೆ ಅವರಿಬ್ಬರೂ ವೇದಿಕೆಯ ಮೇಲೆ ನಿಂತರು. ಟೈಲರಮ್ಮ ಹೇಳುತ್ತ ಹೋದಳು. ಮೆಕ್ಯಾನಿಕ್ ಹುಡುಗಿ ಒಂಬತ್ತನೆಯ ಪುಟವನ್ನು ಒಂದು ಕೈಯಲ್ಲಿ ಎತ್ತಿ, ಹಿಂದಿನ ಸಾಲಿಗೂ ಕಾಣುವಂತೆ ಟಾರ್ಚು ಬಿಟ್ಟಳು. ಎಡಗೈಯ ಮಾತು ಬಂದಾಗ ಸಭಾಂಗಣ ಗೊಳ್ಳೆಂದಿತು. ಭೂಪಟದ ಮಾತು ಬಂದಾಗ ಮಾತ್ರ ನಗು ಏನೋ ಬೇರೆ ಥರ ನಿಂತಿತು.

"ಏಯ್, ಒಂದು ನಿಮಿಷ," ಪಶುವೈದ್ಯ ಎದ್ದ. "ನನ್ನ ಭೂಪಟ ಬರೆದವಳೂ ಬುಗುರಿಯೇ ಕಣ್ರೀ."

"ನಿನ್ನದೂನಾ? ನಾನೊಬ್ಬಳೇ ಅಂದ್ಕೊಂಡಿದ್ದೆ," ಎಂದಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. "ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು."

"ನನ್ನ ಹತ್ತಿರಾನೂ!" ಎಂದ ಪಶುವೈದ್ಯ.

ಹಿಂದಿನ ಸಾಲಿನಲ್ಲಿ ಇನ್ನೂ ಮೂವರು ಎದ್ದರು. ಕಂಡಕ್ಟರ್ ಹಾಜರಿಯ ಹಾಳೆಯನ್ನು ಮಡಿಸುತ್ತ, "ಒಬ್ಬರಿಗೆ ಒಂದೇ ಘಟನೆ ಅಂದಿದ್ನಪ್ಪ," ಎಂದು ಗೊಣಗಿದ. ಮೈಕು ಕೆಳಗಿಟ್ಟು, ಕಿವಿ ಕೆಂಪಗೆ ಮಾಡಿಕೊಂಡು ಸೇರಿಸಿದ: "ನನಗೆ ಪಾಸಾಗೋಷ್ಟು ಮಾರ್ಕು ಬಂದಿದ್ದೇ ಆ ಭೂಪಟದಿಂದ."

ಮೆಕ್ಯಾನಿಕ್ ಹುಡುಗಿ ಟಾರ್ಚು ಆರಿಸಿದಳು. ವೇದಿಕೆ ಇಳಿದು, ಗೋಡೆಯ ಪಕ್ಕದ ಕುರ್ಚಿಯನ್ನು ಬೆಂಚುಗಳ ನಡುವೆ ಎಳೆದು ಹಾಕಿ ಕೂತಳು.

"ಒಬ್ಬೊಬ್ಬರೇ ಹೇಳಿ," ಎಂದಳು. "ನನಗೇನೂ ಅವಸರ ಇಲ್ಲ."