ಕೇಳಿದಲ್ಲೆಲ್ಲ ನಿಲ್ಲಿಸಿದ ಗಾಡಿ

ಹೊಲಿಗೆ ಯಂತ್ರವನ್ನು ಹೊರಗೆ ಸಾಗಿಸುವಾಗ ಅದರ ಕಾಲು ಹೊಸ್ತಿಲಿಗೆ ಸಿಕ್ಕಿಕೊಂಡಿತು. ಒಂದು ಕಡೆ ಮಗ, ಇನ್ನೊಂದು ಕಡೆ ಸೋದರಮಾವ. ತೀರಿಕೊಂಡ ಅಮ್ಮನನ್ನು ಮಲಗಿಸಲು ಜಾಗ ಬೇಕಿತ್ತು. ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದೇ ಅವಳು ಈ ಮನೆ ನಡೆಸಿದ್ದಳು; ಯಂತ್ರ ಅಷ್ಟು ಸುಲಭಕ್ಕೆ ಜಾಗ ಬಿಡುತ್ತದೆಯೇ?

"ಪುಣ್ಯವಂತ ಕಣೋ ನೀನು," ಎಂದರು ಮಾವ ಏದುಸಿರು ಬಿಡುತ್ತ. "ಅಕ್ಕನಿಗೆ ಸಮುದ್ರ ತೋರಿಸಿಬಿಟ್ಟೆ. ನಮ್ಮಲ್ಲಿ ಯಾರ ಕೈಲಾಯ್ತು ಹೇಳು?"

"ಬಿಡಿ ಮಾವ, ಅದೇನು ದೊಡ್ಡದು."

ಮಾವ ಬಿಡುವವರಲ್ಲ. ಬಂದವರಿಗೆಲ್ಲ ಅದನ್ನೇ ಹೇಳಿದರು. ಹಾಸಿಗೆ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಮೋಟರ್‌ಹೋಮ್ ಬಾಡಿಗೆಗೆ ತಂದು, ಕಡಲ ದಂಡೆಯ ರಸ್ತೆಯುದ್ದಕ್ಕೂ ಅಮ್ಮನನ್ನು ರಾಣಿಯ ಹಾಗೆ ಸುತ್ತಾಡಿಸಿದ ಮಗ! ಬಂದವರು ಅವನ ಬೆನ್ನು ತಟ್ಟಿದರು. ಅವನಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

*

ಆ ಗಾಡಿಯ ಕಕ್ಕಸು ಊಟದ ಮೇಜಿಗೆ ತಾಗಿಕೊಂಡೇ ಇತ್ತು. ನಡುವೆ ರಟ್ಟಿನಂಥ ಒಂದು ಬಾಗಿಲು. ಮೇಜಿನ ಸುತ್ತ ಅವನ ಹೆಂಡತಿ, ಹೆಂಡತಿಯ ಅಪ್ಪ ಅಮ್ಮ. ಬೀಗರ ಕಿವಿಯ ಪಕ್ಕದಲ್ಲಿ ಹೋಗಿ ಕೂರುವುದುಂಟೇ? ಅಮ್ಮ ಆ ಬಾಗಿಲನ್ನು ಮುಟ್ಟಲೇ ಇಲ್ಲ. "ಎಲ್ಲಾದರೂ ಸ್ವಲ್ಪ ನಿಲ್ಸೋ," ಎನ್ನುತ್ತಿದ್ದಳು. ಎರಡು ಸಲ ನಿಲ್ಲಿಸಿದ. ಮತ್ತೆ ಕೇಳಿದಾಗ ಅವನಿಗೆ ರೇಗಿತು.

"ಇಷ್ಟು ದೊಡ್ಡ ಗಾಡಿ ತಂದಿದ್ದೇ ಅದಕ್ಕಲ್ವೇನಮ್ಮ? ನಿನಗೋಸ್ಕರ ಮಾರಿಗೊಂದು ಸ್ಟಾಪ್ ಕೊಡೋಕೆ ಇದೇನು ಸಿಟಿ ಬಸ್ಸಾ?"

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಕ್ಕಳು.

ಆಮೇಲೆ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಲೋಟ ಕೊಟ್ಟರೆ "ಬಾಯಾರಿಕೆ ಇಲ್ಲ ಕಣೇ," ಎಂದು ಸೊಸೆಗೇ ವಾಪಸು ಕೊಡುತ್ತಿದ್ದಳು. ಹೊರಗೆ ಕೆಂಡದಂಥ ಬಿಸಿಲು. ಅವಳ ತುಟಿ ಒಡೆದಿದ್ದು ಅವನಿಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಯಾಕೆ ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ, ಯಾಕೆಂದರೆ ದಾರಿ ಬೇಗ ಸಾಗುತ್ತಿತ್ತು! ಎಲ್ಲರೂ ಇಳಿದು ಸಮುದ್ರದ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ಅವಳು ಸಮುದ್ರಕ್ಕೆ ಬೆನ್ನು ಹಾಕಿ, ಪೆಟ್ರೋಲ್ ಬಂಕಿನ ಕಕ್ಕಸು ಹುಡುಕಿಕೊಂಡು ಓಡುತ್ತಿದ್ದಳು.

ಈ ಸಾವಿಗೂ ಅದಕ್ಕೂ ಸಂಬಂಧವಿಲ್ಲ. ಹೃದಯ ನಿಂತದ್ದು ಎಂದಿದ್ದರು ಡಾಕ್ಟರು. ಅದರಿಂದ ಅವನಿಗೆ ಎಳ್ಳಷ್ಟೂ ಸಮಾಧಾನ ಆಗಿರಲಿಲ್ಲ.

*

ಪಕ್ಕದ ಮನೆಯ ಅಕ್ಕ ಬಂದಳು. ವರ್ಷಗಟ್ಟಲೆ ಅಮ್ಮನ ಜೊತೆ ಕೂತು ಅಂಗಿಗಳಿಗೆ ಕಾಜಾ ಹಾಕಿದವಳು. ಅವಳನ್ನು ಕಂಡು ಅವನು ಮಾವನ ಹಿಂದೆ ಸರಿದ. ಇಬ್ಬರೂ ಗುಂಡಿ ಹೊಲಿಯುತ್ತಲೇ ಇಡೀ ಬೀದಿಯ ಗುಟ್ಟು ಬಿಚ್ಚಿದವರು. ಇವಳಿಗೆ ಅಮ್ಮ ಹೇಳದೆ ಬಿಟ್ಟಿರುತ್ತಾಳೆಯೇ?

"ಎಷ್ಟು ಹೇಳ್ತಿದ್ಲಪ್ಪಾ ನಿನ್ನ ವಿಷಯ!" ಎಂದಳು ಎಲ್ಲರೆದುರು ಅವನ ಕೈ ಹಿಡಿದು. "'ನನ್ನ ಮಗ ಬಂಗಾರ ಕಣೇ, ಕೇಳಿದಲ್ಲೆಲ್ಲ ಗಾಡಿ ನಿಲ್ಲಿಸಿದ, ಒಂದು ಸಲಾನೂ ಮುಖ ಸಿಂಡರಿಸಲಿಲ್ಲ' ಅಂತ. ನನಗಂತೂ ಹೊಟ್ಟೆಕಿಚ್ಚೇ ಬರ್ತಿತ್ತು."

"ಅಕ್ಕ, ನಾನು..." ಎಂದು ಬಾಯಿ ತೆರೆದ.

"ಅಳಬೇಡ್ವೋ," ಎಂದು ಮಾವ ಅವನ ಹೆಗಲ ಮೇಲೆ ಕೈ ಹಾಕಿದರು. "ಮಾಡೋದೆಲ್ಲ ಮಾಡಿದ್ದೀಯ."

ಅವನು ತಲೆಯಾಡಿಸಿದ. ಛೇ, ಸತ್ತ ತಾಯಿಯ ಸುಳ್ಳಿನ ಹಿಂದೆ ಅವಿತುಕೊಂಡ.

ಶವದ ವ್ಯಾನಿನಲ್ಲಿ ಅವನು, ಮಾವ, ಅಕ್ಕ; ನಡುವೆ ಅಮ್ಮ. ಮುಖ್ಯರಸ್ತೆಗೆ ಬಂದು ಇನ್ನೂ ವೇಗ ಹಿಡಿದಿರಲಿಲ್ಲ.

"ನಿಲ್ಸಿ," ಎಂದ ಅವನು.

"ಇಲ್ಲಿಯಾ? ಇಲ್ಲೇನಿದೆ ಸರ್?" ಎಂದ ಡ್ರೈವರ್.

"ನಿಲ್ಸಿ ಅಂದೆ."

ವ್ಯಾನು ಪಕ್ಕಕ್ಕೆ ಸರಿದು ನಿಂತಿತು. ಡ್ರೈವರ್ ಇಳಿದು ಬಂದು ಹಿಂಬಾಗಿಲು ತೆಗೆದ. ಹಿಂದಿನ ಗಾಡಿಗಳು ಹಾರನ್ ಹೊಡೆಯತೊಡಗಿದವು.

"ಯಾಕೋ? ಏನಾಯ್ತೋ?" ಎಂದರು ಮಾವ.

ಅವನು ಅಮ್ಮನ ಮುಖದ ಹತ್ತಿರ ಬಗ್ಗಿ, "ಅವಸರ ಏನಿಲ್ಲಮ್ಮ," ಎಂದ.

ಅಕ್ಕ ಅವನನ್ನೇ ನೋಡುತ್ತ ಕುಳಿತಳು. ಬಾಗಿಲು ತೆರೆದೇ ಇತ್ತು. ಯಾರೂ ಇಳಿಯಲಿಲ್ಲ.